ನೆಗೆಣ್ಣಿಯ ಡಾಂಬರು, ನನ್ನ ಹೊಟ್ಟೆಕಿಚ್ಚು

ಕಳೆದ ವರ್ಷ ಕಬ್ಬಿನ ಹಂಗಾಮು ಮುಗಿಯುತ್ತ ಬಂದಿದ್ದಾಗಿನ ಮಾತು. ಮೂಡಲಗಿಯ ನಮ್ಮ ಮನೆಗೆ ಕಿರಿಯ ಸೊಸೆಯಾಗಿ, ಅಂದರೆ ನನಗೆ ನೆಗೆಣ್ಣಿಯಾಗಿ, ವಿದ್ಯಾ ಬಂದು ಇನ್ನೂ ಬಹಳ ದಿನ ಆಗಿರಲಿಲ್ಲ. ಅವಳು ಗೋಕಾಕ ಕಡೆಯ ಒಂದು ಕಾಲೇಜಿನಲ್ಲಿ ಡಾಂಬರಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ರಸ್ತೆ ಬಾಳಿಕೆ ಬರಲೆಂದು ಡಾಂಬರಿನಲ್ಲಿ ಪಾಲಿಮರ್ ಎಂಬ ರಬ್ಬರಿನಂಥ ವಸ್ತು ಬೆರೆಸುತ್ತಾರೆ. ಅದು ಒಳಗೆ ಹೇಗೆ ಹರಡಿಕೊಂಡಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವಳ ಕೆಲಸ.

ನಮ್ಮ ಅತ್ತೆಗೆ ಇದು ದೊಡ್ಡ ಹೆಮ್ಮೆ. "ನಮ್ಮ ಸಣ್ಣ ಸೊಸಿ ಡಾಂಬರಿಗಿ ದುರ್ಬೀನು ಹಚ್ಚಿ ನೋಡ್ತಾಳ್ರಿ" ಎಂದು ಹಾಲು ಒಯ್ಯಲು ಬಂದವರಿಗೂ ಹೇಳುತ್ತಿದ್ದರು. ನಾನೂ ಬಿ.ಎಸ್ಸಿ. ಓದಿದವಳೇ. ಮದುವೆಯಾದ ಹೊಸದರಲ್ಲಿ ಮುಂದೆ ಓದುತ್ತೇನೆ ಅಂದಾಗ ಇದೇ ಅತ್ತೆ, "ಓದಿದ್ರ ರೊಟ್ಟಿ ಬಡಿಯೂದು ತಪ್ಪತೈತೇನ?" ಎಂದಿದ್ದರು. ಈಗ ವಿದ್ಯಾ ಹೊರಟರೆ ತಾವೇ ಬುತ್ತಿ ಕಟ್ಟಿಕೊಡುತ್ತಿದ್ದರು. ಆ ಬುತ್ತಿಯ ರೊಟ್ಟಿ ಬಡಿದಿರುತ್ತಿದ್ದವಳು ನಾನು.

ಒಂದು ದಿನ ಅವಳು ಹುಕ್ಕೇರಿ ತಾಲೂಕಿನ ಹತ್ತರಗಿಗೆ ಹೋಗಿ ಡಾಂಬರು ತರಬೇಕಿತ್ತು. ಮೈದುನ ಹೊಲದಲ್ಲಿದ್ದ. "ಜೋಡಿ ನೀ ಹೋಗವಾ" ಎಂದು ಅತ್ತೆ ನನ್ನನ್ನು ಕಳಿಸಿದರು. ಹೆದ್ದಾರಿ ಬಾಜೂಕ್ಕೆ ಗುತ್ತಿಗೆದಾರರೊಬ್ಬರ ಡಾಂಬರು ಕಾಯಿಸುವ ಜಾಗ. ಅಲ್ಲಿನವರೆಲ್ಲ ಅವಳಿಗೆ ಮೇಡಮ್ ಮೇಡಮ್ ಅನ್ನುತ್ತಿದ್ದರು. ಒಬ್ಬ ಕೆಲಸಗಾರ ನನ್ನತ್ತ ತಿರುಗಿ, "ಅಕ್ಕಾರ, ಈ ಡಬ್ಬಿ ನೀವು ಹಿಡೀರಿ, ಮೇಡಮ್‌ರ ಕೈ ಹೊಲಸಾಗ್ತಾವು" ಅಂದ. ನಾನು ಸೆರಗು ಸುತ್ತಿ ಹಿಡಿದುಕೊಂಡೆ. ಕೈಗಿಂತ ಹೊಟ್ಟೆ ಹೆಚ್ಚು ಸುಡುತ್ತಿತ್ತು.

ಪಾಲಿಮರ್ ಹಾಕಿ ಸ್ವಲ್ಪ ಕಲಸಿದಾಗ ಒಂದು ಡಬ್ಬಿ, ಚೆನ್ನಾಗಿ ಕಲಸಿದ ಮೇಲೆ ಇನ್ನೊಂದು ಡಬ್ಬಿ ತುಂಬಿಕೊಂಡೆವು. ಯಾವುದು ಯಾವುದೆಂದು ವಿದ್ಯಾ ಮುಚ್ಚಳಗಳ ಮೇಲೆ ಚೀಟಿ ಅಂಟಿಸಿದ್ದಳು. ಮೊದಲನೆಯ ಡಬ್ಬಿ ಕೆಳಗಿಡುವಾಗ ಕಲ್ಲಿಗೆ ತಾಗಿ ಅದರ ಅಂಚು ನೆಗ್ಗಿತು. ಎರಡನ್ನೂ ಆರಲು ತೆರೆದಿಟ್ಟಿದ್ದಾಗ ಲಾರಿಯೊಂದು ಧೂಳೆಬ್ಬಿಸಿತು. ಆ ಕೆಲಸಗಾರ ಓಡಿಬಂದು ಎರಡಕ್ಕೂ ಮುಚ್ಚಳ ಹಾಕಿದ.

ಕಾಲೇಜು ಮುಟ್ಟಿದ ಮೇಲೆ ವಿದ್ಯಾ ಡಾಂಬರನ್ನು ಕರಗಿಸಿ, ಒಂದೊಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬಿಟ್ಟು, ಮೇಲೆ ತೆಳ್ಳನೆಯ ಗಾಜು ಒತ್ತಿ ಆರಿಸಿದಳು. ಪರದೆ ಎಳೆದು, ಸೂಕ್ಷ್ಮದರ್ಶಕದ ನೀಲಿ ಬೆಳಕು ಹಚ್ಚಿ ಎರಡನ್ನೂ ನೋಡಿದಳು. ಆಮೇಲೆ, "ಅಕ್ಕಾ, ನೀವೂ ನೋಡ್ರಿ" ಅಂದಳು.

ನಾನು ಕಣ್ಣಿಟ್ಟೆ. ಕಾಡಿಗೆಯಂಥ ಕಪ್ಪಿನೊಳಗೆ ಪಾಲಿಮರಿನ ಹಳದಿ-ಹಸಿರು ಬೆಳಕು! ಒಂದರಲ್ಲಿ ಸಣ್ಣ ರವೆ ಚೆಲ್ಲಿದಂತೆ ಎಲ್ಲ ಕಡೆ ಒಂದೇ ಸಮ. ಇನ್ನೊಂದರಲ್ಲಿ ಸರಿಯಾಗಿ ಕೈಯಾಡಿಸದ ಕಡಲೆಹಿಟ್ಟಿನ ಝುಣಕದಂತೆ ಗಂಟು ಗಂಟು. ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಇವಳು ಇದನ್ನು ದಿನಾ ನೋಡುತ್ತಾಳಲ್ಲ ಅನ್ನಿಸಿತು.

ವಿದ್ಯಾ ಮಾತ್ರ ಕುಣಿಯುತ್ತಿದ್ದಳು. "ಭಾಳ ಕಲಸಿದ್ದ ಗಂಟಾಗೇತಿ ಅಕ್ಕಾ! ಇದನ್ನ ಯಾರೂ ಹೇಳಿಲ್ಲ!" ಆಗಲೇ ತನ್ನ ಗೈಡ್ ಸರ್‌ಗೆ ಫೋನು ಮಾಡಿದಳು. ಅವರು ನಾಳೆಯೇ ಎಲ್ಲರ ಮುಂದೆ ತೋರಿಸು ಅಂದರಂತೆ. ಅವಳ ಮುಖ ಅರಳಿದ್ದನ್ನು ನೋಡಲಾಗದೆ ನಾನು ಮೇಜಿನತ್ತ ತಿರುಗಿದೆ. ಅಂಚು ನೆಗ್ಗಿದ ಡಬ್ಬಿಯ ಪಕ್ಕ ಬಿದ್ದಿದ್ದ ಅದರ ಮುಚ್ಚಳದ ಮೇಲೆ "ಹೆಚ್ಚು ಕಲಸಿದ್ದು" ಎಂಬ ಚೀಟಿ ಇತ್ತು.

ಸುಮ್ಮನಿದ್ದರೆ ಸಾಕಿತ್ತು. ನಾಳೆ ಎಲ್ಲರೆದುರು ಅವಳೇ ತಲೆ ತಗ್ಗಿಸುತ್ತಿದ್ದಳು. ಹಾಗಾಗಲಿ ಎಂದು ಒಂದು ಗಳಿಗೆ ಅನ್ನಿಸಿದ್ದೂ ಹೌದು. ಆದರೆ ನಾನೇ ಕಣ್ಣಾರೆ ಕಂಡ ಆ ಬೆಳಕಿಗೆ ಸುಳ್ಳು ಹೆಸರು ಬೀಳುವುದು ಸಹಿಸಲಾಗಲಿಲ್ಲ.

"ವಿದ್ಯಾ, ನೆಗ್ಗಿದ್ದು ಮೊದಲ್ನೇ ಡಬ್ಬಿ, ಸ್ವಲ್ಪ ಕಲಸಿದ್ದು. ಮುಚ್ಚಳ ಅದಲಬದಲ ಆಗ್ಯಾವು ನೋಡ" ಅಂದೆ.

ಅವಳ ಮುಖ ಬಿಗಿಯಿತು. "ನೀವು ಸರಿ ನೋಡಿರಾಕಿಲ್ಲ" ಅಂದಳು. ನಾನು ಮತ್ತೆ ಹೇಳಿದೆ. ಆಗ ಅವಳು ಸಿಟ್ಟಿನಿಂದ, "ಬಂದಾಗಿಂದ ನೋಡಾಕತ್ತೇನ್ರಿ ಅಕ್ಕಾ, ನಿಮಗ ನನ್ನ ಮ್ಯಾಲೆ ಹೊಟ್ಟಿಕಿಚ್ಚು ಐತಿ" ಎಂದುಬಿಟ್ಟಳು.

"ಹೌದು, ಐತಿ" ಅಂದೆ. ಅದು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. "ಖರೇನ ಐತಿ. ಆದ್ರ ಮುಚ್ಚಳ ಅದಲಬದಲ ಆಗಿದ್ದೂ ಖರೇನ."

ಮೂಡಲಗಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರೂ ಅವಳು ತನ್ನ ಬ್ಯಾಗನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡಳು.

ಮರುದಿನ ಸರ್ ಹತ್ತಿರ ಹೋಗುವ ಬದಲು ವಿದ್ಯಾ ಒಬ್ಬಳೇ ಹತ್ತರಗಿಗೆ ಹೋದಳು. ಬೇರೆ ಡಾಂಬರು ತುಂಬಿಸಿ, ಈ ಸಲ ಡಬ್ಬಿಯ ಮೈಮೇಲೇ ಬರೆದು ತಂದು, ಕಾಲೇಜಿನಲ್ಲಿ ಮತ್ತೆ ನೋಡಿದಳಂತೆ. ಸಂಜೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ನೀವು ಹೇಳಿದ್ದ ಖರೆ ಆತ್ರಿ ಅಕ್ಕಾ. ಸರ್ ಮುಂದ ಮಾನಾ ಹೋಗ್ತಿತ್ತು" ಅಂದವಳ ಕಣ್ಣಲ್ಲಿ ನೀರಿತ್ತು. ಊಟಕ್ಕೆ ಕೂತಾಗ ಅತ್ತೆಗೂ ನಡೆದದ್ದೆಲ್ಲ ಹೇಳಿದಳು. ಅತ್ತೆ ಪೂರಾ ಕೇಳಿ, "ನೋಡ್ರಿ, ನಮ್ಮ ವಿದ್ಯಾ ಎಷ್ಟು ಶಾಣ್ಯಾ! ತಪ್ಪು ತಾನ ಒಪ್ಕೊಂಡ್ಲು" ಎಂದರು. ವಿದ್ಯಾ ನನ್ನ ಮುಖ ನೋಡಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಹೊಟ್ಟೆಕಿಚ್ಚು ಹೋಯಿತೇ ಅಂದರೆ, ಇಲ್ಲ. ಅವಳು ಬ್ಯಾಗು ಹಾಕಿಕೊಂಡು ಬಸ್ಸಿಗೆ ಹೊರಟರೆ ಇವತ್ತಿಗೂ ಎದೆ ಚುರುಕ್ ಅನ್ನುತ್ತದೆ. ಹೊಟ್ಟೆಕಿಚ್ಚಿನವಳು ಹೇಳಿದ್ದೆಲ್ಲ ಸುಳ್ಳಾಗಬೇಕಿಲ್ಲ ಎಂಬುದನ್ನು ಮಾತ್ರ ಅವತ್ತು ನಾವಿಬ್ಬರೂ ಕಲಿತೆವು. ಅಷ್ಟು ಸಿಟ್ಟು ಬಂದಿದ್ದರೂ ಅವಳು ಬೆಳಗಾಗುತ್ತಲೇ ಎದ್ದು ನನ್ನ ಮಾತನ್ನು ಪರೀಕ್ಷೆ ಮಾಡಲು ಹೋದಳಲ್ಲ? ಅವಳ ಜಾಗದಲ್ಲಿ ನಾನಿದ್ದರೆ ಹೋಗುತ್ತಿದ್ದೆನೋ ಇಲ್ಲವೋ. ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಿರುವುದು ಅವಳ ಆ ಗುಣದ ಮೇಲೆ.