ಜಗದೀಶನ ಪಾಲು

ಚಿತ್ತಾಕುಲದ ಹೀರಾ ಕಾರವಾರದ ಪೇಟೆಯಲ್ಲಿ ಮೀನು ಮಾರಿ ಮಗ ಜಗದೀಶನನ್ನು ಸಾಕಿದವಳು. ಊರ ಗಂಡಸರೆಲ್ಲ ಸೇರಿ ಕಡಲಿಂದ ದಡಕ್ಕೆ ಎಳೆಯುವ ರಂಪಣಿ ಬಲೆಗೆ ಒಬ್ಬ ಕಾಯಿಲೆಯಿಂದ ಬರದಿದ್ದರೂ ಅವನ ಪಾಲಿನ ಮೀನು ಮನೆಗೆ ಮುಟ್ಟಬೇಕು, ಅದು ನಮ್ಮ ಕಟ್ಟಳೆ. ನಮ್ಮ ಜೊತೆ ಬಲೆ ಎಳೆಯುತ್ತಿದ್ದ ಜಗದೀಶ ಕೊಲೆ ಕೇಸಿನಲ್ಲಿ ಜೈಲು ಸೇರಿದ ಮೇಲೂ ನಾಲ್ಕು ವರ್ಷ ಆ ಪಾಲು ತಪ್ಪಿರಲಿಲ್ಲ. ಅದೇ ಕೊಲೆಯಲ್ಲಿ ಜೊತೆಗಿದ್ದ ಬಲೆ ಧಣಿಯ ಮಗನಿಗೆ ದೊಡ್ಡ ವಕೀಲರು ಬಂದರು, ಹತ್ತು ವರ್ಷ ಶಿಕ್ಷೆಯಾಯಿತು. ವಿಚಾರಣೆಯ ದಿನವಷ್ಟೇ ಮುಖ ತೋರಿಸುವ ವಕೀಲ ಸಿಕ್ಕ ಜಗದೀಶನಿಗೆ ಗಲ್ಲು. ಇದಕ್ಕೆ ನ್ಯಾಯ ಅನ್ನಬೇಕಂತೆ!

ತೀರ್ಪಿನ ಮರುದಿನ ಮರಳಿನ ಮೇಲೆ ಮೀನು ಪಾಲು ಮಾಡುತ್ತಿದ್ದ ಹಿರಿಯ ಬೊಮ್ಮಯ್ಯ ಧಣಿಯ ಮಗನಿಗೆ ಗುಡ್ಡೆ ಹಾಕಿದ, ಜಗದೀಶನಿಗೆ ಹಾಕಲಿಲ್ಲ. ನಾವು ಮೂವತ್ತು ಗಂಡಸರು ನಮ್ಮ ನಮ್ಮ ಗುಡ್ಡೆಯ ಮುಂದೆ ಬುಟ್ಟಿ ಹಿಡಿದು ನಿಂತಿದ್ದೆವು.

"ನನ್ನ ಮಗಂದು ಎಲ್ಲಿ?" ಹೀರಾ ಕೇಳಿದಳು.

"ಅವಂಗೆ ಗಲ್ಲಾಯ್ತಲ್ಲ ಹೀರಕ್ಕ, ಇನ್ನೆಂತಾ ಪಾಲು?"

"ಅಂವ ತಪ್ಪು ಮಾಡಿದ್ದಾ, ನಾನೇ ಹೇಳ್ತೆ. ಆದ್ರೆ ಇನ್ನೂ ಉಸಿರಾಡ್ತಾ ಇದ್ದಾ ಬೊಮ್ಮಯ್ಯ! ಮೊನ್ನೆ ನೋಡೂಕೆ ಹೋದಾಗ ಬಲೆಗೆ ಬಂಗಡೆ ಬಿತ್ತಾ ಅಂತ ಕೇಳ್ದ."

ಅವಳು ಬೊಮ್ಮಯ್ಯನ ಗುಡ್ಡೆಯಿಂದ, ನನ್ನ ಗುಡ್ಡೆಯಿಂದ, ಎಲ್ಲರ ಗುಡ್ಡೆಯಿಂದ ಒಂದೊಂದು ಬಂಗಡೆ ಎತ್ತಿ ಬೇರೆ ಗುಡ್ಡೆ ಮಾಡಿದಳು.

"ಸರ್ಕಾರ ಇನ್ನೂ ಅವನ್ನ ಕೊಂದಿಲ್ಲ. ನೀವು ಇವತ್ತೇ ಕೊಂದ್ರಿ."