ಕೊಡಗಿನವನೆಂದು ಆರಿಸಿದೆ

ಮೊನ್ನೆ ಭಾನುವಾರ, ಇಲ್ಲೇ ಜರ್ಮನಿಯಲ್ಲಿ ಹುಟ್ಟಿ ಬೆಳೆದ ನನ್ನ ಮೊಮ್ಮಗ ಸೋಫಾದ ಮೇಲೆ ಕಾಲು ಚಾಚಿ, ಫೋನಿನಲ್ಲಿ ಯಾವುದೋ ಹಳೆಯ ಪಟ್ಟಿ ನೋಡಿ ನಗುತ್ತಿದ್ದ. ಅವನಿಗೆ ಐಸ್ ಹಾಕಿಯ ಹುಚ್ಚು. ಅಮೆರಿಕದ ವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವಂತೆ. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಹತ್ತು ವರ್ಷ ಕಳೆದ ಮೇಲೆ ಯಾರು ಏನಾದರೆಂದು ನೋಡಿ, ಆರಿಸಿದವರ ಮಾನ ಕಳೆಯುವುದೂ ಒಂದು ಕಾಲಕ್ಷೇಪ.

"ಅಜ್ಜ, ನುಮ್ಮರ್ ಐನ್ಸ್, ಮೊಟ್ಟಮೊದಲು ಆರಿಸಿದ ಹುಡುಗ, ಈಗ ಆಡೋದೇ ಇಲ್ಲ. ಟೋಟಲ್ ಫ್ಲಾಪ್" ಅಂದ.

ನನಗೆ ನಗು ಬರಲಿಲ್ಲ. ಯಾಕೆಂದರೆ, ಸ್ವಾಮಿ, ನಾನೂ ಒಂದು ಡ್ರಾಫ್ಟ್ ನಡೆಸಿದವನು.

ಅರವತ್ತರ ದಶಕದ ಕೊನೆ. ಇದೇ ಕಲೋನ್ ನಗರಕ್ಕೆ ರಸಾಯನಶಾಸ್ತ್ರದ ಸಂಶೋಧನೆಗೆಂದು ಬಂದಿದ್ದೆ. ಆಗ ಜರ್ಮನರ ಕಣ್ಣಿಗೆ ಭಾರತದವನೆಂದರೆ ಹುಟ್ಟಾ ಹಾಕಿ ಆಟಗಾರ. ಮೈಸೂರಿನ ಕಾಲೇಜು ತಂಡದಲ್ಲಿ ವಿರಾಮದ ಹೊತ್ತಿಗೆ ನಿಂಬೆಹಣ್ಣಿನ ಹೋಳು ಹಂಚುವುದೇ ನನ್ನ ಮುಖ್ಯ ಸಾಧನೆ. ಆದರೂ ವಿದ್ಯಾರ್ಥಿ ತಂಡದ ಕೋಚ್ ಬೆಕರ್ ನನ್ನ ಬಣ್ಣ ನೋಡಿಯೇ ಸೇರಿಸಿಕೊಂಡರು. ಆಟ ನೋಡಿದ ಮೇಲೂ ಇಟ್ಟುಕೊಂಡದ್ದು ಅವರ ದೊಡ್ಡತನ.

ಆ ಶನಿವಾರಗಳು ಇಲ್ಲದಿದ್ದರೆ ನಾನು ಊರಿಗೆ ಓಡಿಹೋಗಿರುತ್ತಿದ್ದೆ. ಆಟ ಮುಗಿದ ಮೇಲೆ ಎಲ್ಲರೂ ಒಂದೇ ಉದ್ದ ಮೇಜಿನ ಸುತ್ತ ಕೂತು ಆಲೂಗಡ್ಡೆ ಸಾರು ಕುಡಿಯುತ್ತಿದ್ದೆವು. ವಾರದಲ್ಲಿ ನನ್ನ ಹೆಸರು ಹಿಡಿದು ಯಾರಾದರೂ ಕೂಗುತ್ತಿದ್ದದ್ದು ಅಲ್ಲೊಂದೇ ಕಡೆ.

ಮರುವರ್ಷ ನಮ್ಮ ಹಾಸ್ಟೆಲಿಗೆ ಇಬ್ಬರು ಕನ್ನಡಿಗರು ಬಂದರು. ಮಡಿಕೇರಿಯ ಉತ್ತಯ್ಯ, ಆರಡಿ ಆಳು. ಗದಗಿನ ಡಾಕ್ಟರ್ ಕುಲಕರ್ಣಿ, ಪೀಚು ದೇಹ, ಸೋಡಾಬುಡ್ಡಿ ಕನ್ನಡಕ. ತಂಡದಲ್ಲಿ ಇದ್ದದ್ದು ಒಂದೇ ಜಾಗ. "ನಿಮ್ಮವರು, ನೀವೇ ಆರಿಸಿ" ಎಂದರು ಬೆಕರ್.

ಆರಿಸುವುದೇನು ಬಂತು? ಕೊಡಗಿನವರಿಗೆ ಹಾಕಿ ಕಲಿಸಬೇಕೆ? ಉತ್ತಯ್ಯನನ್ನು ಒಂದು ಮಾತೂ ಕೇಳದೆ ಹೆಸರು ಬರೆಸಿಬಿಟ್ಟೆ. ಸಂಜೆ ಕುಲಕರ್ಣಿ ನನ್ನ ರೂಮಿನ ಬಾಗಿಲಲ್ಲಿ ನಿಂತು, "ಇನ್ನೊಂದು ಜಾಗ ಖಾಲಿ ಅದ ಏನ್ರಿ?" ಎಂದು ಕೇಳಿದರು.

"ಡಾಕ್ಟ್ರೇ, ನಿಮ್ಮ ಕನ್ನಡಕಕ್ಕೆ ಯಾರು ಜವಾಬ್ದಾರಿ?" ಅಂದೆ. ಏನೋ ದೊಡ್ಡ ಜೋಕು ಮಾಡಿದೆನೆಂದು ನಾನೊಬ್ಬನೇ ನಕ್ಕೆ.

ಹತ್ತು ದಿನದ ಮೇಲೆ, ಬೆಳಿಗ್ಗೆ ಬಟ್ಟೆ ಒಗೆಯಲು ಹಾಸ್ಟೆಲಿನ ನೆಲಮಾಳಿಗೆಗೆ ಇಳಿದೆ. ಒಳಗಿಂದ ಟಕ್ ಟಕ್ ಎಂಬ ಸದ್ದು. ನೋಡಿದರೆ ಕುಲಕರ್ಣಿ, ಕನ್ನಡಕವನ್ನು ಶೂ ಲೇಸಿನಿಂದ ತಲೆಗೆ ಬಿಗಿದುಕೊಂಡು, ಗೋಡೆಗೆ ಚೆಂಡು ಹೊಡೆದು ತೋರಿಸುತ್ತಿದ್ದಾರೆ. ಚೆಂಡು ಅವರ ಸ್ಟಿಕ್ಕಿಗೆ ಸಾಕಿದ ಬೆಕ್ಕಿನ ಹಾಗೆ ಅಂಟಿಕೊಂಡಿದೆ. ಪಕ್ಕದಲ್ಲಿ ಉತ್ತಯ್ಯ ಬೆವರುತ್ತ ನಿಂತಿದ್ದಾನೆ.

"ನಾನು ಬೆಳೆದದ್ದೆಲ್ಲ ಪುಣೆಯ ಸೋದರಮಾವನ ಮನೆಯಲ್ಲಿ. ಸ್ಟಿಕ್ ಮುಟ್ಟಿದವನೇ ಅಲ್ಲ" ಎಂದ ಉತ್ತಯ್ಯ. "ನೀವು ಕೊಡಗು ಕೊಡಗು ಅಂತ ಹೊಗಳಿದ ಮೇಲೆ ಇಲ್ಲ ಅನ್ನೋದು ಹೇಗೆ? ಊರಿನ ಮರ್ಯಾದೆ ಪ್ರಶ್ನೆ."

"ನಮ್ಮ ಗದಗ-ಬೆಟಗೇರಿ ಕಡೆ ಓಣಿಗೊಂದು ಟೀಮ್ ಇರ್ತದ್ರಿ" ಎಂದರು ಕುಲಕರ್ಣಿ, ಮೆಲ್ಲಗೆ. "ನೀವು ಕೇಳಲಿಲ್ಲ."

ಆ ದಿನವೇ ಬೆಕರ್ ಬಳಿ ಹೋಗಿ ತಪ್ಪಾಯಿತೆಂದು ಹೇಳಬಹುದಿತ್ತು. ಹೇಳಲಿಲ್ಲ. ಕೊಡಗಿನ ಬಗ್ಗೆ ಅವರಿಗೆ ಅರ್ಧ ಗಂಟೆ ಭಾಷಣ ಬಿಗಿದಿದ್ದೆ, ಮುಖ ಉಳಿಸಿಕೊಳ್ಳಬೇಕಿತ್ತು. ವಸಂತದಲ್ಲಿ ಉತ್ತಯ್ಯ ಒಂದು ಗೋಲು ಹೊಡೆದ. ಬೆಕರ್ ನನ್ನ ಬೆನ್ನು ತಟ್ಟಿದರು. ಮೈದಾನದ ಹಗ್ಗದ ಆಚೆ ಕುಲಕರ್ಣಿ ಚಳಿಗೆ ಕೈಗವಸು ತೊಟ್ಟು ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ನಾವು ಮೇಜಿನ ಕಡೆ ಹೋದೆವು, ಅವರು ಒಬ್ಬರೇ ಟ್ರಾಮಿನ ಕಡೆ ನಡೆದರು. ಆ ಬೇಸಿಗೆಯಲ್ಲೇ ಫ್ರಾಂಕ್‌ಫರ್ಟಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿ ಹೊರಟುಹೋದರು. ಅಂದಿನಿಂದ ಪ್ರತಿ ದೀಪಾವಳಿಗೂ ಫೋನಿನಲ್ಲಿ ಮಾತಾಡುತ್ತೇವೆ. ಈ ವಿಷಯ ಒಮ್ಮೆಯೂ ಎತ್ತಿರಲಿಲ್ಲ. ನಾಚಿಕೆ.

ಮೊನ್ನೆ, ದೀಪಾವಳಿ ಇನ್ನೂ ದೂರವಿದ್ದರೂ, ಫೋನ್ ಮಾಡಿದೆ.

"ಕುಲಕರ್ಣಿ, ಅವತ್ತು ಆಡಬೇಕಾಗಿದ್ದವರು ನೀವು. ನನಗೆ ಗೊತ್ತಾದ ಮೇಲೂ ಸುಮ್ಮನಿದ್ದೆ. ತಪ್ಪಾಯ್ತು ಕಣ್ರೀ."

 

"ಆಟ ಹೋದರ ಹೋಗಲಿ ಬಿಡ್ರಿ" ಎಂದರು. "ಆ ಸಾರಿನ ಮೇಜಿಗೆ ಕರೀಬಹುದಿತ್ತು."

  ಆಮೇಲೆ ಅವರೇ ಕೇಳಿದರು: "ಈಗ ಜಾಗ ಖಾಲಿ ಅದ ಏನ್ರಿ?"

ಈ ಶನಿವಾರ ನಮ್ಮ ಮನೆಗೆ ಬರುತ್ತಿದ್ದಾರೆ. ಮೊಮ್ಮಗ ನೆಲಮಾಳಿಗೆಯಿಂದ ನನ್ನ ಹಳೆಯ ಸ್ಟಿಕ್ ಹುಡುಕಿ ತಂದಿದ್ದಾನೆ. ನಾನು ಆಲೂಗಡ್ಡೆ ತಂದಿಟ್ಟಿದ್ದೇನೆ.