ಬಗ್ಗಿ ನಿಂತವನ ಪರವಾಗಿ ಎರಡು ಮಾತು

ವಂದನಾರ್ಪಣೆ ಮಾಡುವವರ ಮುಖ ಯಾರಿಗೂ ನೆನಪಿರುವುದಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ. ನ್ಯೂಜೆರ್ಸಿಯ ನಮ್ಮ ಕನ್ನಡ ಕೂಟದಲ್ಲಿ ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಎಲ್ಲ ಮುಗಿದ ಮೇಲೆ ಮೈಕು ನನ್ನ ಕೈಗೆ ಬರುತ್ತದೆ. ಪ್ರಾರ್ಥನೆಗೆ ಕಂಠ ಬೇಕು, ನಿರೂಪಣೆಗೆ ರೇಷ್ಮೆ ಸೀರೆಯೂ ಧೈರ್ಯವೂ ಬೇಕು, ಅಧ್ಯಕ್ಷ ಭಾಷಣಕ್ಕೆ ಅಧ್ಯಕ್ಷರೇ ಬೇಕು. ಇವು ಯಾವುದೂ ಇಲ್ಲದ, ಆದರೆ ಏನೂ ಕೊಡದಿದ್ದರೆ ಮುಖ ಊದಿಸಿಕೊಳ್ಳುವ ಒಂದು ಜೀವ ಪ್ರತಿ ಸಂಘದಲ್ಲೂ ಇರುತ್ತದೆ. ನಮ್ಮ ಸಂಘದಲ್ಲಿ ಅದು ನಾನು.

ನಾನು ಮೈಕಿನ ಮುಂದೆ ಬರುವ ಹೊತ್ತಿಗೆ ಪಕ್ಕದ ಹಾಲಿನಲ್ಲಿ ಬಿಸಿಬೇಳೆಬಾತಿನ ಟ್ರೇಗಳ ಮುಚ್ಚಳ ತೆಗೆದಿರುತ್ತಾರೆ. ಕುರ್ಚಿಗಳು ಕಿರ್ರೆನ್ನುತ್ತವೆ. ಮಕ್ಕಳು ಓಡುತ್ತವೆ. ಇಂಥ ಹೊತ್ತಿನಲ್ಲಿ ತಲೆ ಎತ್ತಬಾರದು, ಇದು ನಾನೇ ಕಂಡುಕೊಂಡ ಸೂತ್ರ. ತಲೆ ಎತ್ತಿದರೆ ಖಾಲಿ ಕುರ್ಚಿ ಕಾಣುತ್ತದೆ, ಖಾಲಿ ಕುರ್ಚಿ ಕಂಡರೆ ಒಂದು ಹೆಸರು ತಪ್ಪುತ್ತದೆ. ಇಡೀ ಭಾಷಣವನ್ನು ಕೇಳದೆ ಪಾಯಸದ ಮುಂದೆ ನಿಂತವರಿಗೂ ತಮ್ಮ ಹೆಸರು ತಪ್ಪಿದ್ದು ಮಾತ್ರ ಅದು ಹೇಗೋ ಕೇಳಿಸಿರುತ್ತದೆ. ಆದ್ದರಿಂದ ಸುತ್ತ ಏನೇ ಆಗಲಿ, ಕಣ್ಣನ್ನು ನೆಲಕ್ಕೆ ನೆಟ್ಟು, ಕೊನೆಯ ಹೆಸರಿನವರೆಗೂ ನಿಲ್ಲಿಸದೆ ಹೇಳಿ ಮುಗಿಸುವುದು. ಈ ಅಭ್ಯಾಸ ನನ್ನನ್ನು ಬೀಗರ ಮನೆಯಲ್ಲಿ ಎಂಥ ಪೇಚಿಗೆ ಸಿಕ್ಕಿಸಿತು ಎಂಬುದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ನಮ್ಮ ಮಗ ನಿಖಿಲನಿಗೆ ಕ್ಲೇರ್ ಎಂಬ ಹುಡುಗಿಯೊಂದಿಗೆ ನಿಶ್ಚಯವಾಗಿದೆ. ನಾವಿರುವುದು ಮಾನ್ಮತ್ ಜಂಕ್ಷನ್ನಿನಲ್ಲಿ, ಅವರಿರುವುದು ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ. ಬೀಗರ ಹೆಸರು ಡೆನಿಸ್, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವರು. ಅವರ ತಾಯಿ, ಕ್ಲೇರಳ ಅಜ್ಜಿ, ಅದೇ ಮನೆಯಲ್ಲಿದ್ದಾರೆ. ಒಳ್ಳೆಯ ಜನ. ಒಂದೇ ಒಂದು ತೊಂದರೆಯೆಂದರೆ ಆ ಮನೆಗೆ ಫುಟ್‌ಬಾಲ್ ಹಿಡಿದಿದೆ. ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಬಗಲಲ್ಲಿಟ್ಟುಕೊಂಡು ಓಡುವ ಅಮೆರಿಕದ ಫುಟ್‌ಬಾಲ್. ನಮ್ಮ ಯಜಮಾನರು ಅದನ್ನು ಮೊದಲ ಸಲ ನೋಡಿದಾಗ, "ಇದೇನೇ ಇದು, ಐದು ಸೆಕೆಂಡ್ ಆಡ್ತಾರೆ, ಐದು ನಿಮಿಷ ಮೀಟಿಂಗ್ ಮಾಡ್ತಾರೆ! ಇದಕ್ಕೆ ನಮ್ಮ ಆಫೀಸೇ ಸಾಕಲ್ಲ" ಎಂದು ಹೇಳಿ ಕ್ರಿಕೆಟ್ಟಿಗೆ ಹೋದವರು ಈ ಕಡೆ ತಿರುಗಿಲ್ಲ.

ಡೆನಿಸ್ ಮನೆಯವರು ಪೂಜಿಸುವ ತಂಡದ ಹೆಸರಿನಲ್ಲಿ ನ್ಯೂಯಾರ್ಕ್ ಇದೆ, ಆಡುವುದು ನಮ್ಮ ಜೆರ್ಸಿಯಲ್ಲಿ. ಹೆಸರು ಅವರಿಗೆ, ಟ್ರಾಫಿಕ್ಕು ನಮಗೆ. ಹೀಗೆ ಕ್ರೀಡಾಂಗಣವಿರುವ ನೆಲವೇ ಲೆಕ್ಕಕ್ಕಿಲ್ಲದಿರುವಾಗ ಆ ತಂಡದ ಅಭಿಮಾನಿಗಳಿಗೆ ಲೆಕ್ಕಕ್ಕಿಲ್ಲದವರ ಮೇಲೆ ಒಂದು ಕರುಳು ಇರುವುದು ಸಹಜವೇ. ಆ ಮನೆಯಲ್ಲೊಂದು ಪದ್ಧತಿಯಿದೆ. ಭಾನುವಾರ ಆಟದ ಅರ್ಧ ವಿರಾಮದಲ್ಲಿ ಟಿವಿಯ ಬಾಯಿ ಮುಚ್ಚಿಸುತ್ತಾರೆ. ಒಬ್ಬೊಬ್ಬರೇ ಎದ್ದು ಟಿವಿಯ ಮುಂದೆ ನಿಂತು, ತಂಡದ ಇಷ್ಟು ವರ್ಷಗಳ ಚರಿತ್ರೆಯಲ್ಲಿ ಯೋಗ್ಯತೆಗೆ ತಕ್ಕ ಹೆಸರು ಸಿಗದ ಒಬ್ಬ ಆಟಗಾರನ ಪರವಾಗಿ ವಾದಿಸಬೇಕು. ಅವರ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಕೇಳಿದ ತಕ್ಷಣ ನಿಮಗೆ ಗೊತ್ತಾಗುವ ಹೆಸರಾದರೆ ಆ ಮನೆಯಲ್ಲಿ ಅದು ಅನರ್ಹ.

ವಾದ ಮುಗಿದ ಮೇಲೆ ಉಳಿದವರೆಲ್ಲ ಸೇರಿ "ಬೂ" ಎಂದು ಕೂಗಿ ಕೂರಿಸುತ್ತಾರೆ. ಎಷ್ಟೇ ಚೆನ್ನಾಗಿ ಮಾತಾಡಿರಲಿ, ಬೂ ತಪ್ಪಿದ್ದಲ್ಲ. ಡೆನಿಸ್ ಪ್ರತಿಸಲ ಒಬ್ಬ ಲೈನ್‌ಮನ್ನನ್ನು ಎತ್ತಿ ಹಿಡಿಯುತ್ತಾರೆ. ಅವನ ಕೆಲಸ ಗೋಡೆಯ ಹಾಗೆ ನಿಂತು ಏಟು ತಿನ್ನುವುದು, ಚೆಂಡನ್ನು ಮುಟ್ಟುವ ಹಾಗೇ ಇಲ್ಲ. ಅಜ್ಜಿಯ ಪ್ರೀತಿಯ ಆಟಗಾರನೊಬ್ಬ ಇಡೀ ಪಂದ್ಯದಲ್ಲಿ ಇನ್ನೊಬ್ಬನಿಗೆ ದಾರಿ ಬಿಡಿಸಿಕೊಡುತ್ತಾ ಮುಂದೆ ಓಡುತ್ತಿದ್ದನಂತೆ. ಫೋಟೋದಲ್ಲಿ ಅವನ ಬೆನ್ನಷ್ಟೇ ಬರುತ್ತಿತ್ತಂತೆ. ಅಜ್ಜಿ ಅವನ ಬಗ್ಗೆ ಮಾತಾಡುವಾಗ ಕಣ್ಣು ಒರೆಸಿಕೊಳ್ಳುತ್ತಾರೆ. ಆದರೂ ಬೂ. ನಿಖಿಲನಿಗಂತೂ ಬಾಯಿ ತೆರೆಯುವ ಮುಂಚೆಯೇ ಬೂ ಬೀಳುತ್ತದೆ. ಅವನು ಹಲ್ಲು ಬಿಟ್ಟುಕೊಂಡು ಕೂರುತ್ತಾನೆ.

ನಾನು ಹೋದಾಗ ನಡೆದದ್ದೇ ಬೇರೆ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ, ಅಂದರೆ ಟಚ್‌ಡೌನಿಗೆ, ಆರು ಪಾಯಿಂಟ್ ಎಂದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ತಂಡದ ಒಬ್ಬ ಮಹಾಪ್ರಸಿದ್ಧನ ಹೆಸರನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಒಪ್ಪಿಸಿದೆ, ಅದು ಪೂರಾ ಅನರ್ಹ, ಆದರೂ ಚಪ್ಪಾಳೆ. "ವಂಡರ್‌ಫುಲ್, ಸೂ!" ಎಂದರು ಡೆನಿಸ್. ಸುಮಿತ್ರಾ ಎಂಬುದು ಆ ಮನೆಯಲ್ಲಿ ಸೂ ಆಗಿದೆ. ಪ್ರತಿ ಆಟಕ್ಕೂ ಯಾರಾದರೊಬ್ಬರು ನನ್ನ ಕಡೆ ಬಾಗಿ, ಅಂಗನವಾಡಿ ಮಗುವಿಗೆ ಹೇಳಿದ ಹಾಗೆ ನಿಧಾನವಾಗಿ ಬಿಡಿಸಿ ಹೇಳುತ್ತಿದ್ದರು. ಅವರ ಒಳ್ಳೆಯತನಕ್ಕೆ ನನ್ನ ಹೊಟ್ಟೆ ಉರಿಯುತ್ತಿತ್ತು. ನಿಜ ಹೇಳಿಬಿಡುತ್ತೇನೆ, ನನಗೆ ದುಃಖವಾಗುತ್ತಿತ್ತು. ನನ್ನ ಮಗನನ್ನು ಬೈದು ಕೂರಿಸುವ ಮನೆ ನನ್ನನ್ನು ಮಾತ್ರ ಗಾಜಿನ ಲೋಟದ ಹಾಗೆ ಎತ್ತಿಟ್ಟಿತ್ತು. ಅವನು ಮನೆಯವನಾಗಿದ್ದ, ನಾನು ಅತಿಥಿಯಾಗಿಯೇ ಉಳಿದಿದ್ದೆ. ಹೀಗೇ ಬಿಟ್ಟರೆ ಮದುವೆ ಆಗಿ ಮೊಮ್ಮಕ್ಕಳಾದರೂ ನನಗೆ ಅಲ್ಲಿ ಚಪ್ಪಾಳೆಯೇ ಗತಿ. ನನಗೆ ಬೇಕಾಗಿದ್ದದ್ದು ಒಂದು ಬೂ.

"ಅಮ್ಮಾ, ಜಸ್ಟ್ ಪಿಕ್ ಸಮ್‌ಬಡಿ. ನಿನ್ನನ್ನ ಯಾರೂ ಜಡ್ಜ್ ಮಾಡಲ್ಲ" ಎಂದ ನಿಖಿಲ್.

"ಅದೇ ಕಣೋ ನನ್ನ ಸಂಕಟ!" ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಹಟಕ್ಕೆ ಬಿದ್ದು ಹುಡುಕಲು ಕೂತೆ. ಅಡುಗೆಮನೆಯಲ್ಲಿ ಒಗ್ಗರಣೆ ಸೀಯುವಷ್ಟು ಓದಿದೆ. ಹಳೆಯ ಆಟಗಳನ್ನು ನೋಡಿದೆ. ನಮ್ಮ ಯಜಮಾನರು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ "ಇವತ್ತೂ ಮೊಸರನ್ನವಾ?" ಎಂದು ಕೇಳಿದರು. ಮೊಸರನ್ನವೇ ಆಗಿತ್ತು.

ಹೀಗೆ ನೋಡುತ್ತಾ ನೋಡುತ್ತಾ ನನಗೊಬ್ಬ ಸಿಕ್ಕಿದ. ಲಾಂಗ್ ಸ್ನ್ಯಾಪರ್ ಅಂತ ಒಬ್ಬನಿರುತ್ತಾನೆ. ಚೆಂಡನ್ನು ಒದ್ದು ಪಾಯಿಂಟ್ ಗಳಿಸುವ ಹೊತ್ತಿಗೆ ಮಾತ್ರ ಬರುತ್ತಾನೆ. ಸಾಲಿನ ನಡುವೆ ಬಗ್ಗಿ ನಿಂತು ತನ್ನದೇ ಕಾಲುಗಳ ಸಂದಿಯಿಂದ ಚೆಂಡನ್ನು ಹಿಂದಕ್ಕೆಸೆಯುತ್ತಾನೆ. ಹಿಂದೆ ಮಂಡಿಯೂರಿದವನು ಅದನ್ನು ಹಿಡಿದು ನಿಲ್ಲಿಸುತ್ತಾನೆ, ಇನ್ನೊಬ್ಬ ಓಡಿ ಬಂದು ಒದೆಯುತ್ತಾನೆ, ಒದ್ದವನನ್ನು ಎಲ್ಲರೂ ಹೆಗಲ ಮೇಲೆ ಎತ್ತಿಕೊಳ್ಳುತ್ತಾರೆ. ಎಸೆದವನು ಅಷ್ಟು ಹೊತ್ತಿಗೆ ಎದುರಾಳಿಗಳ ಕೆಳಗೆ ಬಿದ್ದಿರುತ್ತಾನೆ. ಸರಿಯಾಗಿ ಎಸೆದಾಗ ಅವನ ಹೆಸರು ಯಾರೂ ಎತ್ತುವುದಿಲ್ಲ. ಒಂದು ಸಲ ತಪ್ಪಿದರೆ ದೇಶವೆಲ್ಲ ಎತ್ತುತ್ತದೆ. ಅಯ್ಯೋ ಪಾಪ, ಇದು ನನ್ನದೇ ಜಾತಕ ಎನ್ನಿಸಿತು. ಮದುವೆಯೂಟದ ಪಂಕ್ತಿಯಲ್ಲಿ ಉಪ್ಪು ಬಡಿಸುತ್ತಾ ಬರುವವನೂ ಇದೇ ಜಾತಿ. ಹೋಳಿಗೆ ಬಡಿಸುವವನನ್ನು ಕೂಗಿ ಕೂಗಿ ಕರೆಯುತ್ತಾರೆ, ಉಪ್ಪಿನವನು ಎಲೆಯ ತುದಿಗೆ ಒಂದು ಚಿಟಿಕೆ ಇಟ್ಟು ಬಗ್ಗಿದ ಬೆನ್ನಿನಲ್ಲೇ ಮುಂದಕ್ಕೆ ಹೋಗಿಬಿಡುತ್ತಾನೆ. ಕಚೇರಿಯಲ್ಲಿ ತಂಬೂರಿ ಮೀಟುವವರದ್ದೂ ಇದೇ ಪಾಡು. ಗಾಯಕರು ಗಂಟಲು ಸರಿಮಾಡಿಕೊಂಡರೂ ಭಲೇ ಎನ್ನುವ ಸಭೆ, ಶುರುವಿನಿಂದ ಕೊನೆಯವರೆಗೂ ಶ್ರುತಿ ಹಿಡಿದು ಕೂತವರ ಕಡೆ ತಿರುಗಿಯೂ ನೋಡುವುದಿಲ್ಲ. ಹೀಗೆ ಸಂಗೀತ, ಪಾಕಶಾಸ್ತ್ರ ಎಲ್ಲವನ್ನೂ ಸೇರಿಸಿ ಒಂದು ಭಾಷಣ ಸಿದ್ಧಮಾಡಿದೆ. ತಂಡದಲ್ಲಿ ಹಿಂದೆ ಆಡಿ ಹೋದ ಒಬ್ಬ ಸ್ನ್ಯಾಪರನ ಹೆಸರನ್ನು ಹಲ್ಲುಜ್ಜುವಾಗಲೂ ಜಪಿಸಿದೆ.

ಆ ಭಾನುವಾರ ಬಂತು. ನೆಲಮಾಳಿಗೆಯ ದೊಡ್ಡ ಟಿವಿಯ ಮುಂದೆ ಎಲ್ಲರೂ ಸೇರಿದ್ದೆವು. ತಂಡ ಎಂದಿನಂತೆ ಸೋಲುತ್ತಿತ್ತು. ಮೊದಲರ್ಧದಲ್ಲಿ ಒಂದೂ ಪಾಯಿಂಟ್ ಇಲ್ಲ. ವಿರಾಮ ಬಂದು ಟಿವಿಯ ಸದ್ದು ಹೋಯಿತು. ಡೆನಿಸ್ ತಮ್ಮ ಗೋಡೆಯನ್ನು ಹೊಗಳಿ ಬೂ ತಿಂದರು. ಅಜ್ಜಿ ತಮ್ಮ ಬೆನ್ನಿನವನನ್ನು ನೆನೆದು ಅತ್ತು ಬೂ ತಿಂದರು. ಕ್ಲೇರ್, ನಿಖಿಲ್ ಇಬ್ಬರಿಗೂ ಆಯಿತು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿ, ಆ ಹಾಳು ಮುಗುಳ್ನಗೆಯನ್ನು ನಕ್ಕರು. ಚಪ್ಪಾಳೆಗೆ ಕೈಗಳು ಆಗಲೇ ತಯಾರಾಗಿದ್ದವು.

ಎದ್ದು ಟಿವಿಯ ಮುಂದೆ ನಿಂತೆ. ನಿಂತ ತಕ್ಷಣ ಜಪಿಸಿದ ಹೆಸರು ಮಂಗಮಾಯ! ದಿಕ್ಕು ತೋಚದಾಗ ಮನುಷ್ಯ ತನಗೆ ಬರುವ ಕೆಲಸವನ್ನೇ ಮಾಡುತ್ತಾನೆ. ನಾನು ಕಣ್ಣನ್ನು ಕಾರ್ಪೆಟ್ಟಿಗೆ ನೆಟ್ಟು ವಂದನಾರ್ಪಣೆ ಶುರುಮಾಡಿದೆ.

ಈ ಸುಂದರ ಮಧ್ಯಾಹ್ನದಲ್ಲಿ, ಬಗ್ಗಿ ನಿಂತು ಚೆಂಡೆಸೆದ ಆ ಮಹನೀಯನಿಗೆ ಮೊದಲ ವಂದನೆ ಎಂದೆ, ಇಂಗ್ಲಿಷಿನಲ್ಲಿ. ಆಮೇಲೆ ಅದನ್ನು ಹಿಡಿದವನಿಗೆ. ಹುಲ್ಲು ಕತ್ತರಿಸಿದವರಿಗೆ. ಪೆಟ್ಟು ತಿಂದವರ ಮಂಡಿಗೆ ಐಸ್ ಕಟ್ಟಿದವರಿಗೆ. ಆಟಗಾರರ ಬೆವರಿನ ಬಟ್ಟೆ ಒಗೆದವರಿಗೆ. ಪಾರ್ಕಿಂಗ್ ಲಾಟಿನಲ್ಲಿ ಚಳಿಗೆ ನಡುಗುತ್ತಾ ಕೈ ಬೀಸಿದವರಿಗೆ. ಉಪ್ಪು ಬಂತು, ತಂಬೂರಿ ಬಂತು. ಎದುರಿಗೆ ಏನೋ ಗುಸುಗುಸು ಕೇಳಿಸಿತು. ಕುರ್ಚಿ ಕಿರ್ರೆಂದಿತು. ಕ್ಲೇರ್ ನನ್ನ ಎಡಕ್ಕೆ ಬಗ್ಗಿದಂತೆ, ಡೆನಿಸ್ ಬಲಕ್ಕೆ ಬಗ್ಗಿದಂತೆ ಅನ್ನಿಸಿತು. ನನಗೇನು ಹೊಸದೇ? ಬಿಸಿಬೇಳೆಬಾತು ಬಂದಿರಬೇಕು ಎಂದುಕೊಂಡು ದನಿ ಏರಿಸಿದೆ.

ಬಂದಿದ್ದದ್ದು ಬಿಸಿಬೇಳೆಬಾತಲ್ಲ, ಆಟದ ಎರಡನೆಯ ಅರ್ಧ. ಮಾತಾಡುವವರು ಕೂರುವವರೆಗೂ ಟಿವಿಗೆ ಸದ್ದು ಕೊಡಬಾರದೆಂಬುದು ಆ ಮನೆಯ ನಿಯಮ, ಹಾಗಾಗಿ ನನ್ನ ಬೆನ್ನ ಹಿಂದೆ ಆಟ ಮೂಕವಾಗಿ ಶುರುವಾಗಿತ್ತು. ಬೇರೆ ಯಾರಾಗಿದ್ದರೂ ದಿಂಬು ಎಸೆದು ಕೂರಿಸುತ್ತಿದ್ದರು. ಅತಿಥಿಗೆ ಹಾಗೆ ಮಾಡಲಾದೀತೇ? ಪಾಪ, ಉಸಿರು ಬಿಗಿಹಿಡಿದು, ನನ್ನ ಎರಡೂ ಪಕ್ಕಗಳಲ್ಲಿ ಇಣುಕುತ್ತಾ ಸಹಿಸಿಕೊಂಡಿದ್ದಾರೆ. ಆಗ ಎದುರಾಳಿಗಳು ಒದ್ದ ಚೆಂಡನ್ನು ನಮ್ಮವನೊಬ್ಬ ಹಿಡಿದು, ಮೈದಾನದ ಈ ತುದಿಯಿಂದ ಆ ತುದಿಯವರೆಗೂ ಒಬ್ಬನೇ ಓಡಿಬಿಟ್ಟ. ಆ ತಂಡದಲ್ಲಿ ಅಂಥದ್ದು ನಡೆಯುವುದು ಅಪರೂಪದಲ್ಲಿ ಅಪರೂಪ. ಟಿವಿಯ ಎಡ ಅಂಚಿನಲ್ಲಿ ಅವನು ಓಡಲು ಶುರುಮಾಡಿದ್ದನ್ನೂ ಬಲ ಅಂಚಿನಲ್ಲಿ ಕುಣಿದದ್ದನ್ನೂ ಅವರು ಕಂಡರು. ನಡುವಿನ ಓಟವೆಲ್ಲ ನನ್ನ ಸ್ವೆಟರಿನ ಹಿಂದೆ ನಡೆಯಿತು.

"ಕೂತ್ಕೋ ಸೂ!"

ಡೆನಿಸ್ ಕಿರುಚಿದ್ದನ್ನು ಕನ್ನಡ ಮಾಡಿ ಹೇಳುತ್ತಿದ್ದೇನೆ; ಮೂಲದಲ್ಲಿ ಇನ್ನೊಂದೆರಡು ಪದಗಳಿದ್ದವು.

"ಅಮ್ಮಾ, ಕೂತ್ಕೋಮ್ಮಾ! ಟಚ್‌ಡೌನ್ ಮಿಸ್ ಆಯ್ತು!" ಎಂದು ನಿಖಿಲ್ ತಲೆ ಚಚ್ಚಿಕೊಂಡ.

ಆಮೇಲೆ ಬಂತು ನೋಡಿ, ಬೂ. ಅಜ್ಜಿಯಿಂದ ಶುರುವಾಗಿ, ಕ್ಲೇರಳನ್ನು ಸೇರಿಸಿಕೊಂಡು, ಇಡೀ ನೆಲಮಾಳಿಗೆ ತುಂಬುವ ಹಾಗೆ. ಒಂದು ದಿಂಬು ನನ್ನ ಮಂಡಿಗೆ ಬಡಿಯಿತು. ನನಗೆ ನಗು ಬಂತು, ಅದರ ಬೆನ್ನಲ್ಲೇ ಅಳುವೂ ಬಂತು.

ಡೆನಿಸ್‌ಗೆ ತಟ್ಟನೆ ತಾನು ಕೂಗಿದ್ದು ಯಾರ ಮೇಲೆ ಎಂದು ಹೊಳೆದು ಮುಖ ಕೆಂಪಾಯಿತು. "ಐ ಆಮ್ ಸೋ ಸಾರಿ, ಸೂ..." ಎಂದು ಎದ್ದು ಬಂದರು.

"ಬೇಡ ಡೆನಿಸ್, ದಯವಿಟ್ಟು ಅದನ್ನ ವಾಪಸ್ ತಗೋಬೇಡಿ" ಎಂದೆ. ಅವರಿಗೆ ಅದು ಎಷ್ಟು ಅರ್ಥವಾಯಿತೋ ತಿಳಿಯದು.

ಅಜ್ಜಿ ಮಾತ್ರ ಕ್ಷಮೆ ಕೇಳಲಿಲ್ಲ. ನನ್ನ ತೋಳು ಹಿಡಿದೆಳೆದು ಸೋಫಾದಲ್ಲಿ ತಮ್ಮ ಪಕ್ಕಕ್ಕೆ ಕೆಡವಿಕೊಂಡು, "ನಿನ್ನ ಆ ಬಗ್ಗಿ ನಿಲ್ಲೋನಿದಾನಲ್ಲ, ಅವನೊಬ್ಬ ಆಟಗಾರನೇ ಅಲ್ಲ" ಎಂದರು.

ಏನಂದ್ರಿ ಅಂತ ನಾನು ಸೆಟೆದು ಕೂತೆ. ರಿಪ್ಲೇ ಬಂದುಹೋಯಿತು, ತಂಡ ಮತ್ತೆ ಸೋಲತೊಡಗಿತು, ನಾವಿಬ್ಬರೂ ಟಿವಿಯ ಕಡೆ ನೋಡಲೂ ಇಲ್ಲ. ಕತ್ತಲಾಗುವವರೆಗೂ ಜಗಳವಾಡಿದೆವು. ಮಧ್ಯದಲ್ಲಿ ಯಾರೂ ಬಾಗಿ ನನಗೆ ಏನನ್ನೂ ಬಿಡಿಸಿ ಹೇಳಲಿಲ್ಲ.